ಐದೂವರೆ ಟಿಕ್ ಸಿಕ್ಕ ಹೆಸರು

ಋಷಿಕೇಶನಿಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಅವನ ಮಗಳ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಅವನ ಸೋದರತ್ತೆ ಸುಮಿತ್ರಾಬಾಯಿಗೆ ಬಂತು. ಹನ್ನೆರಡನೆಯ ದಿನದ ತೊಟ್ಟಿಲ ಕಾರ್ಯಕ್ಕೆ ಆಕೆ ಎರಡು ದಿನ ಮೊದಲೇ ಉಮರ್ಗಾದಿಂದ ನಿಲಂಗಾಕ್ಕೆ ಬಂದಾಗ ಹೆಸರಿನ್ನೂ ನಿಶ್ಚಯವಾಗಿರಲಿಲ್ಲ.

"ಮೊದಲ ತಪಾಸಣಿ, ಆಮ್ಯಾಲ ಹೆಸರು," ಎಂದು ಋಷಿಕೇಶ ಚೌಕುಳಿ ಹಾಳೆಯೊಂದನ್ನು ಅತ್ತೆಯ ಮುಂದೆ ಹರವಿದ.

ಅವನು ಉದಗೀರದಲ್ಲಿ ಮಣ್ಣು ಪರೀಕ್ಷಿಸುವವನು. ಅವನ ಹೆಸರಿನ ಮೊದಲ ಅಕ್ಷರವನ್ನು ಹತ್ತನೆಯ ಇಯತ್ತೆಯ ಸರ್ಟಿಫಿಕೇಟಿನಲ್ಲಿ ಇಂಗ್ಲಿಷಿನಲ್ಲಿ 'ರಿ' ಎಂದು ಬರೆದಿದ್ದರು, ಆಧಾರ್ ಕಾರ್ಡಿನಲ್ಲಿ 'ರು' ಎಂದು. ಇಬ್ಬರೂ ಒಬ್ಬನೇ ಎಂದು ಪ್ರಮಾಣ ಮಾಡಲು ಕೋರ್ಟಿಗೆ ಮೂರು ಸಲ ಅಲೆದಿದ್ದ. ಮಗಳಿಗೆ ಆ ಗೋಳು ಬೇಡ. ಹಾಳೆಯಲ್ಲಿ ಆರು ಖಾನೆ: ಕನ್ನಡ, ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಮತ್ತು ಹೆಂಡತಿ ಯೋಗಿತಾಳ ಜೊತೆಯ ನರ್ಸುಗಳ ಮಲಯಾಳಂ. ಎಲ್ಲರ ಬಾಯಲ್ಲೂ ಒಂದೇ ಥರ ಹೊರಳುವ ಹೆಸರಷ್ಟೇ ಪಾಸು.

"ಪ್ರಜ್ಞಾ ನೋಡು. ನಾವು ಪ್ರಗ್ನ್ಯಾ ಅಂತೀವಿ, ಯೋಗಿತಾನ ಮರಾಠಿ ತವರಾಗ ಪ್ರದ್ನ್ಯಾ, ಹಿಂದಿಯವರು ಪ್ರಗ್ಯಾ. ಒಂದ ಹುಡುಗಿ, ಮೂರು ಹೆಸರು!"

"ಮತ್ತ ಯಾವುದು ಪಾಸಾತು?"

ಅವನ ಬೆರಳು ಹನ್ನೊಂದನೆಯ ಸಾಲಿಗೆ ಇಳಿಯಿತು. "ಲೀಲಾ. ಐದೂವರೆ ಟಿಕ್. ಉರ್ದುದಾಗ ನಮ್ಮ ಶೇಖ್ ಸರ್ ಲೈಲಾ ಅಂತಾರ, ಅದಕ್ಕ ಅರ್ಧ ಕಡಿಮಿ. ಫ್ರಾನ್ಸಿನಾಗೂ ಲೀಲಾ ಅದಾರ, ಇಂಡೋನೇಷ್ಯಾದಾಗೂ ಅದಾರ."

ಸುಮಿತ್ರಾಬಾಯಿ ಆ ಸಾಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಇಪ್ಪತ್ತೊಂದು ವರ್ಷ ಅದು ಆಕೆಯ ಹೆಸರಾಗಿತ್ತು.

ಮದುವೆಯ ದಿನ ಪದ್ಧತಿಯಂತೆ ಗಂಡ ತಾಟಿನ ಅಕ್ಕಿಯಲ್ಲಿ ಉಂಗುರದಿಂದ 'ಸುಮಿತ್ರಾ' ಎಂಬ ಹೊಸ ಹೆಸರು ಬರೆದಿದ್ದ. ಅವನ ತಾಯಿಯ ಹೆಸರೂ ಲೀಲಾಬಾಯಿ. ಒಂದು ಮನೆಯಲ್ಲಿ ಇಬ್ಬರು ಲೀಲಾ ಇರುವಂತಿರಲಿಲ್ಲ. ಸೊಸೆ ಅತ್ತೆಯ ಹೆಸರನ್ನು ಉಚ್ಚರಿಸುವಂತೆಯೂ ಇರಲಿಲ್ಲ. ಹೀಗೆ ಆಕೆಯ ಹೆಸರು ಆಕೆಯ ಬಾಯಿಗೇ ಬಾರದೆ ನಲವತ್ತು ವರ್ಷ ಕಳೆದವು. ಅವ್ವ ಅಪ್ಪ ಹೋದರು, ಗೆಳತಿಯರು ಚದುರಿದರು. ಈಗ ಆ ಹೆಸರಿನಿಂದ ಕರೆಯುವವನು ಒಬ್ಬನೇ ಉಳಿದಿದ್ದ: ಋಷಿಕೇಶನ ತಂದೆ, ಆಕೆಯ ಅಣ್ಣ ಜಗದೇವಪ್ಪ. ಅವನೂ ಸುತ್ತ ಯಾರೂ ಇಲ್ಲದಾಗ ಮಾತ್ರ. ಅವನಿಗೆ ಎಪ್ಪತ್ತು ದಾಟಿತ್ತು. ಕಳೆದ ವರ್ಷ ಎದೆಗೆ ಸ್ಟೆಂಟ್ ಹಾಕಿದ್ದರು. ಅವನ ನಂತರ? ಆ ಯೋಚನೆ ಬಂದಾಗಲೆಲ್ಲ ಆಕೆ ಎದ್ದು ಏನಾದರೂ ಕೆಲಸ ಹಿಡಿಯುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಬಂದ ಜಗದೇವಪ್ಪ ಹಾಳೆ ನೋಡಿ ಕನ್ನಡಕ ತೆಗೆದ.

"ಈ ಹೆಸರು ಬ್ಯಾಡ."

"ಯಾಕಪ್ಪಾ? ಎಲ್ಲಾದರಾಗೂ ಇದೇ ಮ್ಯಾಲ ಅದ."

"ಹಿರೇರ ಹೆಸರದು. ಜೀವಂತ ಇದ್ದೋರ ಹೆಸರು ಕೂಸಿಗಿಟ್ಟು, ನಾಳಿ ಆ ಹೆಸರು ಹಿಡದು ಬೈಯಾವರು ಯಾರು?"

"ಯಾವ ಹಿರೇರು?"

ಜಗದೇವಪ್ಪ ತಂಗಿಯ ಕಡೆ ನೋಡಿದ. ತನ್ನದೆಂದು ಆಕೆ ಹೇಳಿದರೆ ಹೆಸರು ಹಾಳೆಯಿಂದ ಅಳಿಯುತ್ತದೆ; ಮತ್ತೆ ಅಣ್ಣನ ಒಂದೇ ಬಾಯಿಗೆ ಹೋಗಿ ಕೂರುತ್ತದೆ. ಅಲ್ಲವೆಂದರೆ ಈ ಮನೆಯಲ್ಲಿ ದಿನಕ್ಕೆ ನೂರು ಸಲ ಮೊಳಗುತ್ತದೆ, ಆದರೆ ಆಕೆಗಾಗಿ ಅಲ್ಲ.

"ನಮ್ಮತ್ತೀದು," ಎಂದಳು ಸುಮಿತ್ರಾಬಾಯಿ. "ಆಕಿ ಹೋಗಿ ಹನ್ನೊಂದು ವರ್ಷಾತು. ಇಡ್ರಿ, ಏನಾಗಂಗಿಲ್ಲ."

ಸುಳ್ಳಲ್ಲ. ಜಗದೇವಪ್ಪ ರೊಟ್ಟಿ ಮುರಿದ.

ತೊಟ್ಟಿಲ ದಿನ ನೆರೆಮನೆಯ ಅಂಜನಾಬಾಯಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಸತ್ತ ಅತ್ತಿ ಹೆಸರು ತವರಾಗ ಇಡಸ್ಯಾಳ, ಇಂಥಾ ಸೊಸಿ ಎಲ್ಲಿ ಸಿಗ್ತಾಳ್ರವ್ವಾ! ನನ್ನ ಸೊಸಿ ನಾ ಇರೂದ್ರಾಗ ನನ್ನ ಹೆಸರು ಮರ್ತು ಕುಂತಾಳ."

ಹೆಂಗಸರು ನಕ್ಕರು. ಸುಮಿತ್ರಾಬಾಯಿಯೂ ನಕ್ಕು ತೊಟ್ಟಿಲಿಗೆ ಬಾಗಿದಳು. ಪದ್ಧತಿಯಂತೆ, ಹೆಸರು ಹೇಳಿದೊಡನೆ ಆಕೆಯ ಬೆನ್ನಿಗೆ ಗುದ್ದಲು ಎಲ್ಲರೂ ಕೈ ಎತ್ತಿ ನಿಂತರು. ಆಕೆ ಮಗುವಿನ ಕಿವಿಯ ಹತ್ತಿರ, ಹೆಸರಿಗೆ ಮೊದಲು ಹೇಳಬೇಕಾದಂತೆ, "ಕುರ್ರ್" ಎಂದಳು. ಹೆಸರು ಬರಲಿಲ್ಲ. ನಾಲಿಗೆ ಅಂಗುಳಕ್ಕೆ ತಗುಲಿ ಅಲ್ಲೇ ನಿಂತಿತು.

"ಒಂದ ಹೆಸರು ಹೇಳಾಕ ಎಷ್ಟೊತ್ತಬೇ? ನಮ್ಮ ಕೈ ನೋಯ್ತಾವ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಎರಡನೆಯ ಸಲ ಬಂತು. ಬೆನ್ನ ಮೇಲೆ ಗುದ್ದುಗಳು ಬಿದ್ದವು. ಆಕೆ ಏಳಲಿಲ್ಲ, ಮೂರು ಸಲ ಹೇಳಿದರೆ ಸಾಕಾಗುತ್ತಿದ್ದುದನ್ನು ಐದು ಸಲ ಹೇಳಿದಳು.

ಸಂಜೆ ಬಂದವರೆಲ್ಲ ಹೋದ ಮೇಲೆ ಸುಮಿತ್ರಾಬಾಯಿ ಪಡಸಾಲೆಯಲ್ಲಿ ಕುಳಿತು ಮಗುವಿಗೆ ಹೊದಿಸುವ ದುಪಟಿಗಳನ್ನು ಮಡಿಚುತ್ತಿದ್ದಳು. ಅಂಗಳದಲ್ಲಿ ಜಗದೇವಪ್ಪ ಒಬ್ಬನೇ ಇದ್ದ.

"ಲೀಲಾ," ಎಂದು ಕರೆದ. "ಇಲ್ಲಿ ಬಾ ಸ್ವಲ್ಪ."

ಆಕೆ ಮೊಣಕಾಲಿಗೆ ಕೈಯೂರಿ ಅರ್ಧ ಎದ್ದಳು. ಒಳಗಿನ ಕೋಣೆಯಿಂದ ಯೋಗಿತಾಳ ದನಿ ಮೊದಲು ಬಂತು: "ಆತ್ತಾಚ್, ಈಗಷ್ಟ ಮಲಗ್ಯಾಳ್ರೀ ಮಾವಾರ. ಎದ್ದ ಮ್ಯಾಲ ತಂದು ಕೊಡ್ತೀನಿ."



"ಹೂಂ," ಎಂದ ಜಗದೇವಪ್ಪ. "ಮಲಗಲಿ."

ಸುಮಿತ್ರಾಬಾಯಿ ಮತ್ತೆ ಕುಳಿತಳು. ಅಣ್ಣ ಇನ್ನೊಂದು ಹೆಸರಿನಿಂದ ಕರೆಯುತ್ತಾನೇನೋ ಎಂದು ದುಪಟಿ ಮಡಿಚುತ್ತಲೇ ಕಿವಿಗೊಟ್ಟಿದ್ದಳು. ಅವನು ಕರೆಯಲಿಲ್ಲ.