ತಲೆ ಎಣಿಸುವ ಕಾಸಿಂ

ಅಮೆರಿಕದ ಎಡಿಸನ್ ಊರಿನ ಕೇರಂ ಕ್ಲಬ್ಬಿನ ಬಸ್ಸು ಎಲ್ಲಿಗೇ ಹೊರಡಲಿ, ತಲೆ ಎಣಿಸುವ ಕೆಲಸ ಕಾಸಿಮನದು. ಅವನು ಬೆರಳು ತೋರಿಸಿ ಎಣಿಸುವವನಲ್ಲ. ಒಂದೊಂದೇ ಸೀಟಿನ ಬೆನ್ನನ್ನು ಮೆಲ್ಲಗೆ ತಟ್ಟುತ್ತ ಬಾಗಿಲಿನಿಂದ ಹಿಂದಿನ ಸಾಲಿನವರೆಗೆ ಹೋಗಿ ಬರುತ್ತಾನೆ. ಅವನ ಅಪ್ಪ ಮೈಸೂರಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ತಟ್ಟಿ ಎಣಿಸಿದ ಲೆಕ್ಕ ತಪ್ಪುವುದಿಲ್ಲ ಎನ್ನುತ್ತಿದ್ದರು.

ಎರಡು ಸಾವಿರದ ಒಂಬತ್ತರ ಮೇ ತಿಂಗಳು, ಮೆಮೋರಿಯಲ್ ಡೇಯ ಮೂರು ದಿನಗಳ ರಜೆ. ಕ್ಲಬ್ಬು ಈ ಸಲ ಗಡಿಯ ಜಲಪಾತದ ದಾರಿಯಾಗಿ ಕೆನಡಾಕ್ಕೆ ಹೊರಟಿತ್ತು. ಶನಿವಾರ ಬೆಳಿಗ್ಗೆ ಆರು ಗಂಟೆಗೆ ಕಾಸಿಂ ಎಣಿಸಿ ಮುಗಿಸಿದಾಗ ಕ್ಲಬ್ಬಿನ ಅಧ್ಯಕ್ಷ, ಧಾರವಾಡದ ಹಲ್ಲಿನ ಡಾಕ್ಟರ್ ಮುರುಗೆಪ್ಪ, ಮುಂದಿನ ಸೀಟಿನಿಂದ ಕೂಗಿದರು:

"ಕಾಸಿಂ ಭಾಯ್, ನಿಮ್ಮನ್ನ ನೀವು ಎಣಿಸ್ಕೊಂಡ್ರೇನು? ಹ್ವಾದ ವರ್ಷ ವಾಷಿಂಗ್ಟನ್‌ದಾಗ ಒಂದ್ ತಲಿ ಕಡಿಮಿ ಬಂತಂತ ಅರ್ಧಾ ತಾಸು ಹುಡುಕಿದ್ವಿ. ಆ ತಲಿ ನಿಮ್ದs ಇತ್ತು!"

ಬಸ್ಸು ನಕ್ಕಿತು. ಕಾಸಿಮನೂ ನಕ್ಕ. "ನಲವತ್ತೊಂದು, ಡಾಕ್ಟ್ರೇ. ನನ್ನನ್ನೂ ಸೇರಿಸಿ."

ಅವನ ಹೆಗಲ ಚೀಲದಲ್ಲಿ ಮೂವತ್ತೊಂಬತ್ತು ಪಾಸ್‌ಪೋರ್ಟುಗಳಿದ್ದವು. ಗಡಿ ದಾಟುವಾಗ ಯಾರೂ ಕಳೆದುಕೊಳ್ಳಬಾರದೆಂದು ಎಲ್ಲರವನ್ನೂ ಅವನೇ ಇಟ್ಟುಕೊಳ್ಳುವುದು ಕ್ಲಬ್ಬಿನ ಪದ್ಧತಿ. ಉಳಿದ ಎರಡು, ತನ್ನದು ಮತ್ತು ಹೆಂಡತಿಯದು, ಅಂಗಿಯ ಜೇಬಿನಲ್ಲಿದ್ದವು. ಕೆನಡಾದ ವೀಸಾ ಅವಕ್ಕೂ ಫೆಬ್ರವರಿಯಲ್ಲೇ ಬಿದ್ದಿತ್ತು. ಹೋಗುವುದಕ್ಕೆ ಅಡ್ಡಿಯಿರಲಿಲ್ಲ. ತಿರುಗಿ ಬರುವಾಗ ಅಮೆರಿಕದ ಗಡಿಯಲ್ಲಿ ಎಲ್ಲಿ ಕೆಲಸ ಎಂದು ಕೇಳುತ್ತಾರೆ. ಕಾಸಿಮನ ಕೆಲಸ ಮಾರ್ಚಿನಲ್ಲಿ ಹೋಗಿತ್ತು. ಅವನ ಕೆಲಸದ ವೀಸಾದ ನೆರಳಿನಲ್ಲೇ ಹೆಂಡತಿ ಶಮ್ಸುನ್ನೀಸಾಳ ವೀಸಾ ಇತ್ತು. ದಾಟಿದರೆ ಇಬ್ಬರೂ ಆಚೆಯೇ.

ಇದು ಶಮ್ಸುನ್ನೀಸಾಗೆ ಗೊತ್ತಿರಲಿಲ್ಲ.

ಸಮರ್‌ಸೆಟ್‌ನ ಒಂದು ಆಫೀಸಿನವರು ಕೆಲಸ ಕೊಟ್ಟು ಮೇ ಹದಿನೈದರೊಳಗೆ ವೀಸಾದ ಪೇಪರ್ ಫೈಲ್ ಮಾಡುತ್ತೇವೆ ಎಂದಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಅವನು ದಿನ ತಳ್ಳಿದ. ಹದಿನೈದು ಕಳೆಯಿತು. ಮೊನ್ನೆ ಗುರುವಾರ, ಸದ್ಯಕ್ಕೆ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ ಎಂದು ಎರಡು ಸಾಲಿನ ಇಮೇಲ್ ಬಂತು. ಅದನ್ನು ಓದಿ ಮನೆಗೆ ಬಂದಾಗ ಅವಳು ಕೆಂಪು ಉಣ್ಣೆಯ ಪುಟ್ಟ ಸ್ವೆಟರಿಗೆ ಕೊನೆಯ ಗುಂಡಿ ಹೊಲಿಯುತ್ತಿದ್ದಳು. ತಂಗಿ ನಬೀಲಾಳ ಮಗುವಿಗೆ. ಅಕ್ಕತಂಗಿಯರು ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ನಬೀಲಾ ಟೊರಾಂಟೋದಿಂದ ಬಂದು ಗಡಿ ನದಿಯ ಸೇತುವೆಯ ಆಚೆ ಕಾಯುವವಳಿದ್ದಳು. ಅಮೆರಿಕದ ವೀಸಾ ಇಲ್ಲದ ಅವಳು ಈಚೆ ಬರುವಂತಿರಲಿಲ್ಲ.

ನಾಳೆ ಹೇಳೋಣ ಎಂದುಕೊಂಡ. ಶುಕ್ರವಾರ, ಬಸ್ಸಿನಲ್ಲಿ ಹೇಳೋಣ ಎಂದುಕೊಂಡ.

ಎಂಟು ಗಂಟೆಯ ದಾರಿ. ಬೆಟ್ಟಗಳ ಮೇಲೆ ಹೊಸ ಎಲೆ ಇನ್ನೂ ಎಳೆ ಹಸಿರು. ಸುಧಾಮಣಿ ಆಂಟಿಯ ಪುಳಿಯೋಗರೆ ಸೀಟಿನಿಂದ ಸೀಟಿಗೆ ಸಾಗಿತು, ಅಂತ್ಯಾಕ್ಷರಿ ನಡೆಯಿತು. ಶಮ್ಸುನ್ನೀಸಾ ಸ್ವೆಟರಿನ ಚೀಲವನ್ನು ಮಡಿಲಿಂದ ಇಳಿಸಲಿಲ್ಲ.

"ಅವಳು ದಪ್ಪ ಆಗಿದಾಳಂತೆ ಕಣ್ರೀ. ನನ್ನ ಗುರುತು ಹಿಡೀತಾಳೋ ಇಲ್ವೋ?"

"ಹಿಡೀತಾಳೆ," ಎಂದು ಅವನು ಕಿಟಕಿಯ ಕಡೆ ತಿರುಗಿದ.

ಸೇತುವೆಗೆ ಮುಂಚೆ, ಅಮೆರಿಕದ ಬದಿಯಲ್ಲಿ, ಬಸ್ಸು ಕೊನೆಯ ಸಲ ನಿಂತಿತು. ಜಲಪಾತ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಕಾಸಿಂ ಎಲ್ಲರ ಪಾಸ್‌ಪೋರ್ಟುಗಳನ್ನು ಹಂಚಿ, ಖಾಲಿ ಚೀಲವನ್ನು ಮಡಚಿ, ಹೆಂಡತಿಯನ್ನು ಕೆಳಗೆ ಕರೆದ.

"ನಾವು ದಾಟೋದು ಬೇಡ, ಶಮ್ಸು."

ಅವಳು ಮೊದಲು ನಕ್ಕಳು. ಅವನು ಹೇಳುತ್ತ ಹೋದ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಹತ್ತು ವಾರ ಹೊತ್ತದ್ದು ಇಷ್ಟೇ ಇಷ್ಟಿತ್ತು.

"ಮಾರ್ಚಿಂದಾನಾ? ದಿನಾ ಬೆಳಿಗ್ಗೆ ಎಲ್ಲಿಗೆ ಹೋಗ್ತಿದ್ರಿ?"

"ಲೈಬ್ರರಿಗೆ."

"ನಾನು ಕಟ್ಟಿಕೊಡ್ತಿದ್ದ ಡಬ್ಬಿ?"

"ತಿಂತಿದ್ದೆ. ಕಾರಲ್ಲಿ ಕೂತ್ಕೊಂಡು."

"ಚೆನ್ನಾಗಿತ್ತು ಅಂತಿದ್ರಲ್ಲ ಬಂದು. ಆಫೀಸಲ್ಲಿ ಶ್ಯಾಮ್‌ಗೂ ಕೊಟ್ಟೆ, ಅವನೂ ಹೊಗಳಿದ ಅಂತಿದ್ರಲ್ಲ." ಅವಳ ದನಿ ಏರಲಿಲ್ಲ. "ಮೊನ್ನೆ ಹೇಳಿದ್ರೆ ನಾನು ಮನೇಲೇ ಅಳ್ತಿದ್ದೆ. ಇಲ್ಲಿವರೆಗೂ ಯಾಕೆ ಕರ್ಕೊಂಡು ಬಂದ್ರಿ?"

ಕಾಸಿಂ ಮಡಚಿದ ಚೀಲವನ್ನು ಮತ್ತೊಮ್ಮೆ ಮಡಚಿದ.

ಬಸ್ಸಿನೊಳಗೆ ಮುರುಗೆಪ್ಪ ತಾವೇ ಎಣಿಸಲು ಹೊರಟಿದ್ದರು. "ಮೂವತ್ತೊಂಬತ್ತ! ಎರಡ್ ತಲಿ ಕಡಿಮಿ. ನೋಡ್ರಿ, ಎಣಸಾವ್ರs ತಪ್ಪಿಸ್ಕೊಂಡಾರ!" ಎನ್ನುತ್ತ ಬಾಗಿಲಿಗೆ ಬಂದರು. ಹೊಟ್ಟೆನೋವು ಎನ್ನಲು ಕಾಸಿಂ ಬಾಯಿ ತೆರೆದ. ದಾರಿಯುದ್ದಕ್ಕೂ ಆ ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದ.

"ಇವರ ಕೆಲಸ ಹೋಗಿದೆ ಅಣ್ಣಾ," ಎಂದಳು ಶಮ್ಸುನ್ನೀಸಾ. "ಆಚೆ ಹೋದ್ರೆ ವಾಪಸ್ ಬಿಡಲ್ಲ. ನೀವೆಲ್ಲ ಹೋಗಿಬನ್ನಿ."

ಬಾಗಿಲ ಹತ್ತಿರ ಕುಳಿತವರಿಗೆ ಕೇಳಿಸಿತು, ಅವರಿಂದ ಹಿಂದಿನವರಿಗೆ. ಅಂತ್ಯಾಕ್ಷರಿ ನಿಂತಿತು. ಎರಡನೆಯ ಸಾಲಿನ ವೆಂಕಟೇಶ ತನ್ನ ಪಾಸ್‌ಪೋರ್ಟನ್ನು ತೆರೆದು ವೀಸಾ ಇದ್ದ ಪುಟವನ್ನು ಬಹಳ ಹೊತ್ತು ನೋಡಿದ. ಮುರುಗೆಪ್ಪ ಕಾಸಿಮನ ತೋಳನ್ನು ಒಮ್ಮೆ ಒತ್ತಿದರು. ಸುಧಾಮಣಿ ಆಂಟಿ ಕೆಳಗಿಳಿದು ಬಂದು ಕೈಚಾಚಿದರು.

"ಚೀಲ ಕೊಡಮ್ಮ. ನಿನ್ನ ತಂಗಿ ಕೈಗೆ ನಾನು ಮುಟ್ಟಿಸ್ತೀನಿ."

ಶಮ್ಸುನ್ನೀಸಾ ಚೀಲ ಕೊಡಲು ತುಸು ತಡ ಮಾಡಿದಳು. ಬಸ್ಸು ಸೇತುವೆಯ ಕಡೆ ತಿರುಗಿತು. ಸೋಮವಾರ ಅದು ಇದೇ ದಾರಿಯಲ್ಲಿ ಮರಳಿ ಇವರನ್ನು ಹತ್ತಿಸಿಕೊಳ್ಳಬೇಕು.

ಸಂಜೆ ನಾಲ್ಕಕ್ಕೆ ಇಬ್ಬರೂ ಈಚೆ ದಡದ ಕಬ್ಬಿಣದ ಕಟಕಟೆಗೆ ಒರಗಿ ನಿಂತಿದ್ದರು. ಆಳದಲ್ಲಿ ನದಿ ಕುದಿಯುತ್ತಿತ್ತು. ತುಂತುರು ಎದ್ದು ಮುಖಕ್ಕೆ ಬಡಿಯುತ್ತಿತ್ತು. ಎದುರು ದಡದ ಉದ್ದಕ್ಕೂ ಜನ ಸಾಸಿವೆ ಚೆಲ್ಲಿದ ಹಾಗೆ. ಶಮ್ಸುನ್ನೀಸಾಳ ಫೋನು ಬಡಿದುಕೊಂಡಿತು.

"ಆಪಾ!" ನಬೀಲಾಳ ದನಿ ಕಾಸಿಮನಿಗೂ ಕೇಳಿಸುತ್ತಿತ್ತು. "ಸ್ವೆಟರ್ ಹಾಕಿದೀನಿ. ಸರಿಯಾಗಿದೆ, ಒಂಚೂರು ದೊಡ್ಡದು. ಈಗ ಅವನನ್ನ ಮೇಲೆ ಎತ್ತಿದೀನಿ ನೋಡು. ಕೆಂಪು ಕಾಣ್ತಿದೆಯಾ?"

ಕಾಸಿಂ ಕಣ್ಣು ಕಿರಿದು ಮಾಡಿ ಆಚೆ ದಡವನ್ನು ಎಡದಿಂದ ಎಣಿಸತೊಡಗಿದ. ಒಂದು ಕೆಂಪು ಕೊಡೆ. ಒಂದು ಕೆಂಪು ಜಾಕೆಟ್ಟು. ಬಾವುಟಗಳು, ಅವೂ ಕೆಂಪು. ಗಾಳಿ ಬೀಸಿ ತುಂತುರು ಅಡ್ಡ ಬಂತು. ಮತ್ತೆ ಮೊದಲಿನಿಂದ ಎಣಿಸಿದ. ತಟ್ಟಿ ನೋಡಲು ಇಲ್ಲಿ ಸೀಟುಗಳಿರಲಿಲ್ಲ.

ಶಮ್ಸುನ್ನೀಸಾ ಫೋನಿಗೆ ಅಂಗೈ ಮುಚ್ಚಿ ಅವನ ಕಡೆ ತಿರುಗಿದಳು. "ನಿಮಗೆ ಕಾಣ್ತಿದೆಯಾ? ನಿಜ ಹೇಳಿ."

"ಇಲ್ಲ," ಎಂದ ಕಾಸಿಂ.

"ನನಗೂ ಇಲ್ಲ."

ಅವಳು ಫೋನನ್ನು ಮತ್ತೆ ಕಿವಿಗೆ ಹಿಡಿದು, ಇನ್ನೊಂದು ಕೈಯನ್ನು ಎತ್ತರಕ್ಕೆ ಚಾಚಿ ಬೀಸತೊಡಗಿದಳು.

"ಕಾಣ್ತಿದಾನೆ ನಬೀಲಾ. ಚೆನ್ನಾಗಿ ಕಾಣ್ತಿದಾನೆ. ನಿನ್ನ ಹಾಗೇ ಇದಾನೆ."