ಯಂತ್ರದ ಅತ್ತೆ
ರೋಣದ ಕಡೆಯ ಮೆಣಸಗಿಯಿಂದ ಕರಾವಳಿಗೆ ದುಡಿಯಲು ಬಂದ ಹುಲಿಗೆವ್ವನಿಗೆ ಸೀಗಡಿ ಎಂದರೆ ನೀರೊಳಗಿನ ಶೇಂಗಾ. ಊರಲ್ಲಿ ಅದನ್ನು ಸುಲಿದ ಕೈ ಇಲ್ಲಿ ಇದನ್ನು ಸುಲಿಯುತ್ತಿತ್ತು. ಈಗ ಆ ಕೆಲಸಕ್ಕೆ ಕಾರ್ಖಾನೆಯಲ್ಲಿ ಕ್ಯಾಮೆರಾ ಕಣ್ಣಿನ ಯಂತ್ರ ಬಂದಿದೆ. ಅದು ಸುಲಿದು ಬಿಟ್ಟದ್ದರಲ್ಲಿ ಸಿಪ್ಪೆ ಉಳಿದಿದ್ದರೆ ಆರಿಸಿ ಕೆಂಪು ಬುಟ್ಟಿಗೆ ಹಾಕುವುದಷ್ಟೇ ಆಕೆಯ ಪಾಲಿನ ಕೆಲಸ. ಆದರೆ ಹುಲಿಗೆವ್ವ ತನ್ನನ್ನು ಯಂತ್ರದ ಅತ್ತೆ ಎಂದೇ ತಿಳಿದಿದ್ದಾಳೆ. ಬೆಳಗ್ಗೆ ಬಂದವಳೇ ಅದರ ಗಾಜು ಒರೆಸಿ, “ಎದ್ದೇನವಾ ರಾಣಿ?” ಎನ್ನುತ್ತಾಳೆ. ಬಾಲದ ಚೂರು ಕಂಡರೆ ಸಾಕು, “ಇಷ್ಟ್ ದೊಡ್ಡ ಕಣ್ಣ ಇಟ್ಕೊಂಡು ಇದು ಕಾಣ್ಲಿಲ್ಲೇನ? ನಿಮ್ಮವ್ವ ಏನ್ ಕಲಿಸ್ಯಾಳ ನಿನಗ?” ಎಂದು ಇಡೀ ಶೆಡ್ಡಿಗೆ ಕೇಳುವಂತೆ ಬೈಯುತ್ತಾಳೆ. ಯಂತ್ರ ಕೆಟ್ಟು ನಿಂತರೆ ಮಾತ್ರ ಮೆಕ್ಯಾನಿಕನಿಗೇ ಗದರುತ್ತಾಳೆ: “ಸಾವಕಾಶ ಬಿಚ್ಚೋ ತಮ್ಮಾ, ಕೂಸಿಗೆ ನೋಯತೈತಿ.” ಹೋದ ವಾರ ಎಂಜಿನಿಯರ್ ಮಾಲಾ, “ಕೆಂಪು ಬುಟ್ಟಿಯ ಫೋಟೋ ನೋಡಿಯೇ ಇದು ತಪ್ಪು ತಿದ್ದಿಕೊಳ್ಳುತ್ತದೆ ಅಮ್ಮ. ಪೂರ್ತಿ ಕಲಿತರೆ ಇಲ್ಲಿ ಯಾರೂ ನಿಲ್ಲುವುದೇ ಬೇಡ” ಎಂದಳು. ಅಂದಿನಿಂದ ಹುಲಿಗೆವ್ವ ಬೈಯುವುದನ್ನೇ ಬಿಟ್ಟಿದ್ದಾಳೆ. “ಶಾಬಾಸ್ ನನ್ನ ಸೊಸಿ, ಭಾಳ ಚಲೋ ಮಾಡಿದಿ” ಎನ್ನುತ್ತ, ಉಳಿದ ಸಿಪ್ಪೆಯನ್ನು ಕ್ಯಾಮೆರಾಕ್ಕೆ ಬೆನ್ನು ಮಾಡಿ ತಾನೇ ಸುಲಿದುಬಿಡುತ್ತಾಳೆ. ಕೆಂಪು ಬುಟ್ಟಿ ಖಾಲಿ ಕೂತಿರುತ್ತದೆ.