ರುಚಿ ನೋಡದ ಬೇಕರಿಯವನು

ಬೀದಿಯವರೆಲ್ಲ ದೊಡ್ಡಣ್ಣ ಎಂದೇ ಕರೆಯುವ ಬೇಕರಿಯವನಿಗೆ, ಮೈತೂಕ ಹೀಗೇ ಬಿಟ್ಟರೆ ಹೃದಯ ಕೈಕೊಡುತ್ತದೆ ಎಂದು ಡಾಕ್ಟರು ಹೊಟ್ಟೆ ಕೊಯ್ದು ಚಿಕ್ಕದು ಮಾಡಿ ಎಂಟು ತಿಂಗಳಾಯಿತು. ಬೆಲ್ಟಿಗೆ ಹೊಸ ತೂತು ಹೊಡೆದು ಹೊಡೆದು ಅದರ ತುದಿ ಈಗ ಬೆನ್ನಿನವರೆಗೆ ಹೋಗುತ್ತದೆ. ಓವನ್ನಿನಿಂದ ಕೇಕಿನ ತಟ್ಟೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಾನೆ. ಬೆರಳಿಗೆ ಕ್ರೀಮು ಅಂಟಿದರೆ ಬೆಂಕಿ ಮುಟ್ಟಿದವನಂತೆ ನಲ್ಲಿಗೆ ಓಡುತ್ತಾನೆ. "ಒಂದು ಚೂರು ತಿಂದರೆ ಏನಾಗುತ್ತೆ ಅಣ್ಣ?" ಎಂದು ಗಿರಾಕಿಗಳು ಕೆಣಕಿದರೆ, "ಹೊಟ್ಟೆ ಚಿಕ್ಕದಾಯಿತು ಕಣಯ್ಯಾ, ನಾಲಿಗೆ ಮಾತ್ರ ಹಾಗೇ ಇದೆ," ಎನ್ನುತ್ತಾನೆ. ರುಚಿ ನೋಡುವ ಕೆಲಸ ಈಗ ಹೆಂಡತಿಯದು. ಅವಳು ತುಂಡು ಬಾಯಿಗಿಟ್ಟರೆ ಇವನು ಎದುರಿಗೆ ನಿಂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ಅವಳ ಮುಖವನ್ನೇ ನೋಡುತ್ತಾನೆ. ಮೊದಲ ಸಲ ಹಾಗೆ ನೋಡಿದ ದಿನ ಅವಳು ಕಣ್ಣು ಮುಚ್ಚಿ ಚಪ್ಪರಿಸಿದಳು, ಬೆರಳ ತುದಿಯ ಪುಡಿಯನ್ನೂ ಬಿಡಲಿಲ್ಲ. "ನಿನಗೆ ಸಿಹಿ ಸೇರೋದಿಲ್ಲ ಅಂತಿದ್ದೆಯಲ್ಲ?" ಎಂದ. ಮದುವೆಯಾದಂದಿನಿಂದ ಅವಳು ಅದೇ ಮಾತು ಹೇಳಿ ತನ್ನ ಪಾಲನ್ನೆಲ್ಲ ಅವನ ತಟ್ಟೆಗೇ ಹಾಕಿದ್ದಳು. "ನೀವು ತಿನ್ನೋದು ನೋಡೋಕೆ ಚೆನ್ನಾಗಿತ್ತು," ಎಂದಳು. ಅಂದಿನಿಂದ ಅವಳ ತುಂಡನ್ನು ಅವನೇ ಕತ್ತರಿಸುತ್ತಾನೆ. ರುಚಿ ನೋಡುವುದಕ್ಕೆ ಅಷ್ಟು ದೊಡ್ಡದು ಬೇಕಾಗಿಲ್ಲ.